ಮಾಲಿನ ಬಾಡಿಗೆ ನೋಡಿದಿರಿ, ಸಾಲ ನೋಡಿದಿರಾ?

ನಮ್ಮವರಿಗೆ ಷೇರಿಗಿಂತ ಬಾಡಿಗೆ ಮೇಲೆ ನಂಬಿಕೆ ಜಾಸ್ತಿ. ಕೆಳಗೆ ತಾವಿದ್ದು, ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟುಬಿಟ್ಟರೆ ಮುಪ್ಪಿನ ಕಾಲಕ್ಕೆ ಚಿಂತೆಯಿಲ್ಲ ಅನ್ನೋದು ಬೆಂಗಳೂರಿನ ಎಷ್ಟೋ ಮನೆಗಳ ಲೆಕ್ಕಾಚಾರ. ಈಗ ಇದೇ ನಂಬಿಕೆಯನ್ನು ಹಿಡಿದು ಇನ್ನೊಂದು ಸರಕು ಮಾರಾಟವಾಗ್ತಿದೆ. "ಮನೆ ಕಟ್ಟೋ ತಾಪತ್ರಯ ಬೇಡ, ಬಾಡಿಗೆಯವರ ಜೊತೆ ಜಗಳ ಬೇಡ, ಮಾಲಿನಲ್ಲೇ ಪಾಲು ತಗೊಂಡುಬಿಡಿ ಸಾರ್!"

ಇದಕ್ಕೆ ರೀಟ್ ಅಂತಾರೆ. ಒಂದು ಟ್ರಸ್ಟ್ ಕಟ್ಟಡಗಳನ್ನು ಕೊಂಡು, ಬಾಡಿಗೆ ವಸೂಲಿ ಮಾಡಿ, ಅದನ್ನು ಯೂನಿಟ್ ಕೊಂಡವರಿಗೆ ಹಂಚುತ್ತೆ. ಅಮೆರಿಕದಲ್ಲಿ 1960ರಿಂದ ಇದೆ. ನಮ್ಮಲ್ಲಿ ಸೆಬಿ ನಿಯಮ ಬಂದಿದ್ದು 2014ರಲ್ಲಿ. ಮಾಲ್‌ಗಳದ್ದೇ ಆದ ಮೊದಲ ರೀಟ್, ಬ್ಲ್ಯಾಕ್‌ಸ್ಟೋನ್ ಹುಟ್ಟುಹಾಕಿದ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್, ಷೇರುಪೇಟೆಗೆ ಬಂದಿದ್ದು 2023ರ ಮೇನಲ್ಲಿ. ಆಗ ಅದರ ಕೈಲಿ 14 ಊರುಗಳ 17 ಮಾಲ್‌ಗಳಿದ್ದವು. ಕೋರಮಂಗಲದ ಹಳೇ ಫೋರಂ, ಮೈಸೂರಿನ ಸೆಂಟರ್ ಸಿಟಿ, ಮಂಗಳೂರಿನ ಫಿಜಾ ಎಲ್ಲಾ ಅದರಲ್ಲೇ ಬರುತ್ತವೆ. ಅಂದರೆ ನೀವು ಪಿಕ್ಚರ್ ನೋಡಿ, ಕಾಫಿ ಕುಡಿದು ಬರೋ ಜಾಗದಲ್ಲಿ ಒಂದು ಚೂರು ಪಾಲು ನಿಮ್ಮದೂ ಆಗಬಹುದು.

ಈ ವ್ಯವಸ್ಥೆ ಮೋಸ ಅಂತ ನಾನು ಹೇಳೋದಿಲ್ಲ. ಕೋಟಿ ಇಲ್ಲದವನಿಗೂ ದೊಡ್ಡ ಆಸ್ತಿಯಲ್ಲಿ ಪಾಲು ಸಿಗೋದು ಒಳ್ಳೇದೇ. ನನ್ನ ತಕರಾರಿರೋದು "ಮನೆ ಬಾಡಿಗೆ ಇದ್ದ ಹಾಗೇ" ಅನ್ನೋ ಮಾತಿನ ಬಗ್ಗೆ.

ಮಾರುವವರು ಮೊದಲು ಹೇಳೋ ನಿಯಮ ಏನು? ಹಂಚಲು ಸಿಗುವ ಹಣದಲ್ಲಿ ಶೇಕಡಾ 90ರಷ್ಟನ್ನು ಹಂಚಲೇಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಸ್ವಲ್ಪ ಯೋಚನೆ ಮಾಡಿ. ಬಂದ ಬಾಡಿಗೆಯಲ್ಲಿ ಬಹುಪಾಲನ್ನು ಅಣ್ಣತಮ್ಮಂದಿರಿಗೆ ಹಂಚಿಬಿಡುವ ಮನೆಯಲ್ಲಿ ಸಾಲ ತೀರಿಸೋಕೆ ದುಡ್ಡು ಉಳಿಯೋದೆಲ್ಲಿಂದ? ಹಳೇ ಸಾಲದ ಗಡುವು ಬಂದಾಗ ಹೊಸ ಸಾಲ ಮಾಡಲೇಬೇಕು. ಸಾಲ ಕೊಡುವವರು ಇರೋವರೆಗೂ ಎಲ್ಲ ಸುಸೂತ್ರ. ಅವರು ಬಾಗಿಲು ಹಾಕಿಕೊಂಡ ದಿನ?

ಆ ದಿನ ಅಮೆರಿಕದಲ್ಲಿ 2008ರಲ್ಲಿ ಬಂತು. ಜನರಲ್ ಗ್ರೋತ್ ಪ್ರಾಪರ್ಟೀಸ್ ಅಂತ ಒಂದು ರೀಟ್, 200ಕ್ಕೂ ಹೆಚ್ಚು ಮಾಲ್‌ಗಳ ಒಡೆಯ. 2004ರಲ್ಲಿ ರೌಸ್ ಎಂಬ ಇನ್ನೊಂದು ಮಾಲ್ ಕಂಪನಿಯನ್ನು ಸುಮಾರು 1,260 ಕೋಟಿ ಡಾಲರ್‌ಗೆ ಕೊಂಡಿತ್ತು, ಹೆಚ್ಚಿನದು ಸಾಲದ ದುಡ್ಡು. 2007ರಲ್ಲಿ ಷೇರು 60 ಡಾಲರ್ ದಾಟಿತ್ತು. ಮರುವರ್ಷ ಸಾಲದ ಪೇಟೆ ಹೆಪ್ಪುಗಟ್ಟಿತು. ಮಾಲ್‌ಗಳು ತೆರೆದೇ ಇದ್ದವು, ಅಂಗಡಿಗಳು ಬಾಡಿಗೆ ಕೊಡ್ತಾನೇ ಇದ್ದವು. ಆದರೆ ಗಡುವು ಮುಗಿದ ಸಾಲಕ್ಕೆ ಹೊಸ ಸಾಲ ಹುಟ್ಟಲಿಲ್ಲ. 2008ರ ಕೊನೆಗೆ ಷೇರು ಒಂದು ಡಾಲರ್‌ಗಿಂತ ಕೆಳಗೆ. 2009ರ ಏಪ್ರಿಲ್‌ನಲ್ಲಿ ಸುಮಾರು 2,700 ಕೋಟಿ ಡಾಲರ್ ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿತು. ಹೊಸ ಬಂಡವಾಳ ಬಂದು 2010ರಲ್ಲಿ ಅದು ಚೇತರಿಸಿಕೊಂಡಿತು, ನಿಜ. ಆದರೆ ಹೆದರಿ ಒಂದು ಡಾಲರ್‌ಗೂ ಕಡಿಮೆಗೆ ಮಾರಿ ಹೋದವರಿಗೆ ಅದರಿಂದ ಏನು ಬಂತು?

ಹಾಗಾಗಿ ನನ್ನ ಮಾತು ಇಷ್ಟೇ: ಮಾಲ್ ಟ್ರಸ್ಟ್‌ನಲ್ಲಿ ಮೊದಲು ನೋಡಬೇಕಾದ್ದು ಜನಜಂಗುಳಿಯನ್ನಲ್ಲ, ಸಾಲವನ್ನು. ನಮ್ಮ ಸೆಬಿ ಇಲ್ಲಿ ಜಾಣತನ ತೋರಿಸಿದೆ. ಟ್ರಸ್ಟಿನ ಸಾಲ ಆಸ್ತಿ ಮೌಲ್ಯದ ಶೇಕಡಾ 49 ದಾಟುವಂತಿಲ್ಲ. 25 ದಾಟಬೇಕಾದರೆ ರೇಟಿಂಗ್ ಬೇಕು, ಯೂನಿಟ್‌ದಾರರ ಒಪ್ಪಿಗೆಯೂ ಬೇಕು. ಆದರೆ ಆಸ್ತಿ ಮೌಲ್ಯ ಕುಸಿದರೆ ಸಾಲದ ಪ್ರಮಾಣ ತಾನಾಗೇ ಏರುತ್ತೆ ಅನ್ನೋದನ್ನು ಮರೀಬೇಡಿ. 2020ರಲ್ಲಿ ಕೊರೋನಾ ಬಂದು ಮಾಲ್‌ಗಳಿಗೆ ಬೀಗ ಬಿದ್ದಾಗ ಅಂಗಡಿಯವರು ಬಾಡಿಗೆ ಮಾಫಿ ಕೇಳಿದರು. ಸಾಲಕ್ಕೆ ಅಂಥ ದಾಕ್ಷಿಣ್ಯವಿಲ್ಲ, ಈಗಲ್ಲದಿದ್ದರೆ ನಾಳೆ ಕಟ್ಟಲೇಬೇಕು.

ಇನ್ನೊಂದು ವಿಷಯ. ನಿಮ್ಮ ಖಾತೆಗೆ ಬೀಳೋದೆಲ್ಲ ಬಾಡಿಗೆ ಲಾಭ ಅಲ್ಲ. ಅದರಲ್ಲಿ ಬಡ್ಡಿ ಇರುತ್ತೆ, ಡಿವಿಡೆಂಡ್ ಇರುತ್ತೆ, ಜೊತೆಗೆ ಟ್ರಸ್ಟ್ ತನ್ನ ಕಂಪನಿಗಳಿಗೆ ಕೊಟ್ಟ ಸಾಲದ ಅಸಲು ವಾಪಸ್ ಬಂದಿದ್ದೂ ಇರಬಹುದು. 2023ರ ಬಜೆಟ್ ನಂತರ ಆ ಅಸಲಿನ ಭಾಗ ತೆರಿಗೆ ಲೆಕ್ಕದಲ್ಲಿ ನೀವು ಕೊಂಡ ಬೆಲೆಯಿಂದ ಕಳೆದುಹೋಗುತ್ತೆ. ಮಾರುವಾಗ ಅಷ್ಟು ಹೆಚ್ಚು ಲಾಭ ಅಂತ ತೆರಿಗೆ ಬೀಳುತ್ತೆ. "ಶೇಕಡಾ ಇಷ್ಟು ಆದಾಯ" ಅಂತ ಯಾರಾದರೂ ಹೇಳಿದರೆ "ಅದರಲ್ಲಿ ಅಸಲೆಷ್ಟು?" ಅಂತ ಕೇಳಿ.

ಇದೆಲ್ಲ ಟ್ರಸ್ಟ್‌ಗಳ ವರದಿಯಲ್ಲಿ ಇದ್ದೇ ಇದೆ, ಯಾರೂ ಬಚ್ಚಿಟ್ಟಿಲ್ಲ. ಆದರೆ ಆಸೆ ಹುಟ್ಟಿಸೋ ಮಾತು ಅಚ್ಚಗನ್ನಡದಲ್ಲಿ, ಸಾಲದ ಲೆಕ್ಕ ಮಾತ್ರ ನೂರಾರು ಪುಟದ ಇಂಗ್ಲಿಷಿನಲ್ಲಿ! ಪಿಂಚಣಿ ದುಡ್ಡು ಹಾಕೋ ಮೇಷ್ಟ್ರು ಅದನ್ನು ಎಲ್ಲಿ ಹುಡುಕಬೇಕು? ಕನ್ನಡದಲ್ಲಿ ಮಾರುವವರು ಕನ್ನಡದಲ್ಲೇ ಒಂದು ಪುಟ ಅಚ್ಚು ಹಾಕಿಸಲಿ. ಸಾಲ ಎಷ್ಟು, ಗಡುವು ಯಾವಾಗ, ಹಂಚಿದ್ದರಲ್ಲಿ ಅಸಲೆಷ್ಟು. ಮೂರೇ ಸಾಲು ಸಾಕು.

ಮನೆ ಬಾಡಿಗೆಗೆ ಕೊಡುವಾಗ ಹತ್ತು ಸಲ ವಿಚಾರಿಸೋ ನಾವು ಇಷ್ಟಾದರೂ ಕೇಳಬಾರದೇ? ಏನಂತೀರಿ?