ಸೆಪ್ಟೆಂಬರ್ 15ರ ಅವರು, ನವೆಂಬರ್ 1ರ ನಾವು



ನವೆಂಬರ್ ಬಂತೆಂದರೆ ನಿಮ್ಮ ಬಡಾವಣೆಯ ಮೂಲೆಯಲ್ಲಿ ಬಾವುಟ ಏರುತ್ತದೆ. ಧ್ವನಿವರ್ಧಕ ಕೂಗುತ್ತದೆ, ಆರ್ಕೆಸ್ಟ್ರಾ ನಡೆಯುತ್ತದೆ. ಡಿಸೆಂಬರ್ ಬಂದರೆ ಶಾಮಿಯಾನ ಬಿಚ್ಚುತ್ತಾರೆ, ಅದರ ಜೊತೆಗೆ ಕನ್ನಡವೂ ಗಂಟು ಕಟ್ಟಿಕೊಂಡು ಅಟ್ಟ ಸೇರುತ್ತದೆ. ಹೀಗೇಕೆ ಎಂದು ಎಂದಾದರೂ ಕೇಳಿಕೊಂಡಿದ್ದೀರಾ?

ನಮ್ಮಂತೆಯೇ ತಿಂಗಳುಗಟ್ಟಲೆ ನುಡಿಹಬ್ಬ ಮಾಡುವ ಇನ್ನೊಂದು ಜನವಿದೆ. ಅಮೆರಿಕದಲ್ಲಿರುವ ಹಿಸ್ಪಾನಿಕ್ ಜನ 6 ಕೋಟಿಗೂ ಹೆಚ್ಚು. ಮೆಕ್ಸಿಕೊ, ಕ್ಯೂಬಾ, ಗ್ವಾಟೆಮಾಲಾ ಮೊದಲಾದ ಕಡೆಯ ಮೂಲದವರು. ಹಿರಿಯರ ನುಡಿ ಸ್ಪ್ಯಾನಿಷ್. ಪ್ರತಿ ವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಊರೂರಿನ ಶಾಲೆ, ಗ್ರಂಥಾಲಯ, ಬೀದಿಗಳಲ್ಲಿ ಅವರ ಪರಂಪರೆಯ ಹಬ್ಬ. 1821ರ ಸೆಪ್ಟೆಂಬರ್ 15ರಂದು ಮಧ್ಯ ಅಮೆರಿಕದ ಐದು ನಾಡುಗಳು ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆ ಸಾರಿದವು. ಆ ನೆನಪಿಗೇ ಆ ದಿನ. 1968ರಲ್ಲಿ ಒಂದು ವಾರದ ಹಬ್ಬವಾಗಿ ಶುರುವಾದದ್ದು 1988ರಲ್ಲಿ ತಿಂಗಳಾಯಿತು.

ಸರ್ಕಾರ ಪ್ರೀತಿ ಉಕ್ಕಿ ಕೊಟ್ಟದ್ದೇ ಇದು? ಅಲ್ಲ! ಅದೇ 1968ರ ಮಾರ್ಚಿನಲ್ಲಿ ಲಾಸ್ ಏಂಜಲೀಸಿನ ಪೂರ್ವಭಾಗದ ಹೈಸ್ಕೂಲುಗಳಿಂದ ಸಾವಿರಾರು ಹುಡುಗ ಹುಡುಗಿಯರು ತರಗತಿ ಬಿಟ್ಟು ಬೀದಿಗಿಳಿದಿದ್ದರು. ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ಬೇಡ, ನಮ್ಮ ಚರಿತ್ರೆಯೂ ಪಾಠದಲ್ಲಿರಲಿ ಎಂದು ಕೇಳಿದ್ದರು. ಅದಕ್ಕೂ ಮೊದಲೇ, 1965ರಲ್ಲಿ, ಕ್ಯಾಲಿಫೋರ್ನಿಯಾದ ಡೆಲಾನೊ ಎಂಬಲ್ಲಿ ದ್ರಾಕ್ಷಿ ತೋಟದ ಕೂಲಿಗಳು ಮುಷ್ಕರ ಹೂಡಿದ್ದರು. ಫಿಲಿಪಿನೊ ಕೂಲಿಗಳು ಆರಂಭಿಸಿದ ಆ ಹೋರಾಟಕ್ಕೆ ಸೀಸರ್ ಚಾವೆಜ್, ಡೊಲೊರೆಸ್ ಹುಯೆರ್ಟಾ ಅವರ ಸಂಘ ಹೆಗಲು ಕೊಟ್ಟಿತು. ಐದು ವರ್ಷದ ನಂತರ ಮಾಲೀಕರು ಒಪ್ಪಂದಕ್ಕೆ ಬಂದರು. 1975ರಲ್ಲಿ ಮತಪತ್ರವೇ ಸ್ಪ್ಯಾನಿಷ್‌ನಲ್ಲಿ ಸಿಗುವಂತೆ ಕಾನೂನು ತಿದ್ದುಪಡಿಯಾಯಿತು. ಶಾಲೆ, ಕೂಲಿ, ಮತಪೆಟ್ಟಿಗೆ: ಈ ಮೂರರಲ್ಲಿ ನುಡಿ ನೆಲೆ ನಿಂತಮೇಲೆ ಹಬ್ಬಕ್ಕೆ ಕಳೆ ಬಂತು. ನಾವೂ 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದವರೇ. ಮರೆತೆವೇ?

ಈಗ ಜಮಖಂಡಿ ಸೀಮೆಯ ಹುನ್ನೂರಿಗೆ ಬನ್ನಿ. ನಿಮ್ಮಲ್ಲಿ ಎಷ್ಟೋ ಜನರ ಬೇರು ಇಂಥ ಊರುಗಳಲ್ಲೇ ಇದೆ. ಇದು ಪಟವರ್ಧನರು ಆಳಿದ ನೆಲ. ಪಕ್ಕದ ಮುಧೋಳ ಘೋರ್ಪಡೆಯವರದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು, 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಬಂದವು. ಅರಮನೆಯ ಮಾತು ಮರಾಠಿಯಾಗಿದ್ದಾಗಲೂ ಹೊಲ, ಮಗ್ಗ, ಬಯಲಾಟದ ಮಾತು ಕನ್ನಡವೇ ಆಗಿತ್ತು. ಗದಾಯುದ್ಧ ಬರೆದ ರನ್ನ ಈ ಮುಧೋಳದವನು, ಬಳೆಗಾರರ ಮನೆಯ ಮಗ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಬ್ರಿಟಿಷರ ಎದುರು ನಿಂತ ಹಲಗಲಿ ಬೇಡರು ಇಲ್ಲಿಯವರು. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ರಬಕವಿ-ಬನಹಟ್ಟಿಯ ಸೀರೆ, ಕೌಜಲಗಿ ನಿಂಗಮ್ಮನಂಥವರು ಹಳ್ಳಿಹಳ್ಳಿಗೆ ಒಯ್ದ ಶ್ರೀಕೃಷ್ಣ ಪಾರಿಜಾತ, ಎಲ್ಲವೂ ನಿಮ್ಮ ಆಸ್ತಿ. ನಿಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ಇದರಲ್ಲಿ ಯಾವುದಕ್ಕೆ ಜಾಗ ಕೊಟ್ಟಿದ್ದೀರಿ?

ಇನ್ನೊಂದು ಮಾತು. ಕಹಿಯಾದರೂ ಹೇಳಲೇಬೇಕು.

ಅಮೆರಿಕದಲ್ಲಿ ಕೀಳಾಗಿ ಕಂಡ ಅದೇ ಸ್ಪ್ಯಾನಿಷ್, ಮೆಕ್ಸಿಕೊ ಪೆರುಗಳಲ್ಲಿ ನಹುವಾ, ಕೆಚುವಾ ಎಂಬ ಮೂಲ ನುಡಿಗಳನ್ನು ಮೂಲೆಗೊತ್ತಿದ ದೊರೆಯ ನುಡಿ. ಒಂದೇ ನುಡಿ ಒಂದು ಕಡೆ ದೊಡ್ಡಣ್ಣ, ಇನ್ನೊಂದು ಕಡೆ ಬಡ ತಮ್ಮ. ನಮ್ಮದೂ ಹಾಗೆಯೇ. ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಶಾಲೆಯ ಉಳಿವಿಗೆ ಕಾದಾಡುವ ಕನ್ನಡ, ಹುನ್ನೂರಿನಲ್ಲಿ ದೊಡ್ಡಣ್ಣ. 2004ರಲ್ಲಿ ಗೋವಾದ ಬೈನಾ ಕಡಲತೀರದ ಗುಡಿಸಲುಗಳು ನೆಲಸಮವಾದಾಗ ಬೀದಿಗೆ ಬಿದ್ದವರಲ್ಲಿ ಬಹಳ ಮಂದಿ ನಮ್ಮವರು. ಆಗ ನಮ್ಮ ರಕ್ತ ಕುದಿಯಿತು, ನ್ಯಾಯವೇ. ಆದರೆ ಕಬ್ಬು ಕಡಿಯುವ ಕಾಲಕ್ಕೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ನಮ್ಮ ಸಕ್ಕರೆ ಸೀಮೆಗೆ ಬಂದು ಗುಡಿಸಲು ಹಾಕುವ ಮರಾಠಿ, ಲಂಬಾಣಿ ಕೂಲಿಗಳ ಮಕ್ಕಳನ್ನು ನಾವು ಕಣ್ಣೆತ್ತಿ ನೋಡಿದ್ದೇವೆಯೇ? ಆ ಮಗು ತಿಂಗಳುಗಟ್ಟಲೆ ಶಾಲೆಯ ಮುಖ ಕಾಣುವುದಿಲ್ಲ. ಅದನ್ನು ಕರೆದು ಕೂರಿಸಿ ನಾಲ್ಕು ಅಕ್ಷರ ಕಲಿಸಿದರೆ ಕನ್ನಡ ಬೆಳೆಯುತ್ತದೆ. ಅದರ ತಾಯಿಯ ಹಾಡಿಗೂ ವೇದಿಕೆಯಲ್ಲಿ ಹತ್ತು ನಿಮಿಷ ಕೊಟ್ಟರೆ ಕನ್ನಡ ಸಣ್ಣದಾಗುವುದಿಲ್ಲ. ಬೈನಾದ ನಮ್ಮವರಿಗಾಗಿ ಕೇಳುವ ನ್ಯಾಯವನ್ನು ನಮ್ಮ ಹೊಲದ ಬದುವಿನಲ್ಲಿ ನಾವೇ ಕೊಡದಿದ್ದರೆ, ಕೇಳುವ ಬಾಯಿ ಎಲ್ಲಿಂದ ಬಂದೀತು?

ಅಮೆರಿಕದ ಆ ಮನೆಗಳಲ್ಲೂ ಕೊರಗಿದೆ. ಅಜ್ಜಿಯ ಸ್ಪ್ಯಾನಿಷ್ ಮೊಮ್ಮಕ್ಕಳ ನಾಲಿಗೆಯಿಂದ ಜಾರುತ್ತಿದೆ. ಹಬ್ಬ ಉಳಿದು ನುಡಿ ಹೋಗುವ ಭಯ. ನಗರದ ಕನ್ನಡ ಮನೆಗಳಲ್ಲಿ ಆ ಭಯ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ?

ಆದ್ದರಿಂದ ಗೆಳೆಯರೇ, ಈ ಸಲ ಆರ್ಕೆಸ್ಟ್ರಾದ ದುಡ್ಡಿನಲ್ಲಿ ಅರ್ಧ ಉಳಿಸಿ. ಒಂದು ಪಾರಿಜಾತ ಮೇಳವನ್ನು ನಿಮ್ಮ ಬಡಾವಣೆಗೆ ಕರೆಸಿ. ನಿಮ್ಮೂರಿನ ಕನ್ನಡ ಶಾಲೆಗೆ ಒಂದು ಕಪಾಟು ಪುಸ್ತಕ ಕಳಿಸಿ. ಊರಿಗೆ ಹೋದಾಗ ಅಜ್ಜಿಯ ಮಾತನ್ನು ನಿಮ್ಮ ಮೊಬೈಲಿನಲ್ಲೇ ದಾಖಲಿಸಿ. ಕಬ್ಬಿನ ಗುಡಿಸಲಿನ ಒಂದು ಮಗುವನ್ನು ಶಾಲೆಯ ಬಾಗಿಲಿಗೆ ಮುಟ್ಟಿಸಿ.

ಬಾವುಟ ಏರಿಸಲು ಒಂದು ಹಗ್ಗ ಸಾಕು. ನುಡಿ ಉಳಿಸಲು ಹನ್ನೆರಡು ತಿಂಗಳ ದುಡಿಮೆ ಬೇಕು. ಏಳಿ, ಈ ನವೆಂಬರಿನಲ್ಲೇ ಶುರು ಮಾಡಿ!