ಮುನ್ನೂರು ಕಿಲೋಮೀಟರಿನ ಹುಸಿ ಲೆಕ್ಕ

ವಾರಕ್ಕೆ 300 ಕಿಲೋಮೀಟರ್ ಹೊಡೆಯದವ ರೇಸಿನ ಸುದ್ದಿಗೇ ಹೋಗಬಾರದಂತೆ. ಸೈಕಲ್ಲಿನವರು ನಾಲ್ಕು ಜನ ಸೇರಿದಲ್ಲೆಲ್ಲ ಈ ಮಾತು ಬಂದೇ ಬರ್ತದೆ. ಹೇಳುವವರಲ್ಲಿ ಹೆಚ್ಚಿನವರು ರೇಸಿಗೆ ನಿಂತವರೇ ಅಲ್ಲ, ಅದು ಬೇರೆ ವಿಷಯ. ಆದರೆ ಕೇಳಿದವ ನಂಬಿಬಿಡ್ತಾನೆ. ದಿನಕ್ಕೆ ಎಂಟು ತಾಸು ಕೆಲಸ, ಮನೆಯಲ್ಲಿ ಸಣ್ಣ ಮಗು, ನಡುವೆ 300 ಎಲ್ಲಿಂದ ತರೋದು? ಸೈಕಲ್ ಗೋಡೆಗೆ ಒರಗುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ.

ಕಾರವಾರದಿಂದ ಅಂಕೋಲೆಗೆ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಹೋಗಿ ಬಂದರೆ 70. ಒಬ್ಬ ಅದನ್ನು ಎರಡೂವರೆ ತಾಸಿನಲ್ಲಿ ಏದುಸಿರು ಬಿಡುತ್ತ ಮುಗಿಸುತ್ತಾನೆ. ಇನ್ನೊಬ್ಬನಿಗೆ ಅವರ್ಸಾದಲ್ಲಿ ಚಾ, ಅಂಕೋಲೆಯಲ್ಲಿ ಬನ್ಸು, ನಡುವೆ ಹತ್ತು ಫೋಟೊ, ಒಟ್ಟು ಐದು ತಾಸು. ಸ್ಟ್ರಾವಾದಲ್ಲಿ ಇಬ್ಬರದ್ದೂ 70! ಎಷ್ಟು ಸಾಲು ಕೋಡ್ ಬರೆದ ಅಂತ ಎಣಿಸಿ ಸಂಬಳ ಹೆಚ್ಚಿಸುವ ಮ್ಯಾನೇಜರನ ಬುದ್ಧಿ ಇದು. (ಬನ್ಸು ತಿನ್ನಿ, ನಾನೂ ತಿನ್ನುತ್ತೇನೆ. ಅದನ್ನು ತರಬೇತಿ ಅನ್ನಬೇಡಿ ಅಷ್ಟೆ.)

ಟೂರ್ ದ ಫ್ರಾನ್ಸಿನವರು ವಾರಕ್ಕೆ 25 ತಾಸು ಹೊಡೆಯುತ್ತಾರಲ್ಲ ಅಂತ ವಾದ. ಅವರದ್ದು ಮೂರು ವಾರ, 21 ಹಂತ, ಮೇಲಾಗಿ ಅದೇ ಉದ್ಯೋಗ. 2014ರ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ನವೀನ್ ಜಾನ್ ಕೂಡ ಎಂಜಿನಿಯರಿಂಗ್ ಓದಿದವರೇ, ಹೌದು. ಆದರೆ ಅವರು ಬೆಲ್ಜಿಯಮ್ಮಿಗೆ ಹೋಗಿ ರೇಸ್ ಮಾಡಿದವರು. ನಮ್ಮದು ಒಂದು ತಾಸಿನ ಟೈಮ್ ಟ್ರಯಲ್, ಹೆಚ್ಚೆಂದರೆ ಮೂರು ತಾಸಿನ ರೋಡ್ ರೇಸ್. ಅದಕ್ಕೆ ತಕ್ಕಷ್ಟು ತಯಾರಿ ಸಾಕು ಮಾರಾಯ್ರೆ.

ಆರೇಳು ತಾಸು. ಮಂಗಳವಾರ ಒಂದು ತಾಸು: ಮೈ ಬಿಸಿಯಾದ ಮೇಲೆ ನಾಲ್ಕು ನಿಮಿಷ ಮಾತೇ ಹೊರಡದಷ್ಟು ಜೋರು, ನಾಲ್ಕು ನಿಮಿಷ ಹಗುರ, ಹೀಗೆ ಐದು ಸಲ. ಗುರುವಾರ ರೇಸಿನ ವೇಗಕ್ಕಿಂತ ತುಸು ಕಡಿಮೆಯಲ್ಲಿ 20 ನಿಮಿಷ, ಎರಡು ಸಲ. ಶನಿವಾರ ಸುಮ್ಮನೆ ಒಂದು ತಾಸು ಕಾಲಾಡಿಸಿ. ಭಾನುವಾರ ಮೂರು ತಾಸು, ನಿಲ್ಲದೆ. ಉಳಿದ ದಿನ ಸೈಕಲ್ ಮುಟ್ಟಬೇಡಿ, ನಿದ್ದೆ ಮಾಡಿ. ಕಾಲಿಗೆ ಬಲ ಕೂಡುವುದು ಸುಧಾರಿಸಿಕೊಳ್ಳುವಾಗ.

ನಮ್ಮ ಕರಾವಳಿಗೆ ಈ ಲೆಕ್ಕವೇ ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. 300ರ ಹಟದವ ಒಂದೋ ನಾಲ್ಕು ತಿಂಗಳು ಸೈಕಲ್ ಬಿಡುತ್ತಾನೆ, ಇಲ್ಲ ಲಾರಿ ಎರಚುವ ನೀರಿನಲ್ಲಿ ಕಣ್ಣು ಕಾಣದೆ ಹೋಗುತ್ತಾನೆ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಇದೇ ಹೆದ್ದಾರಿಗೆ ಕುಸಿದು ಜನ ಸತ್ತರು. ಮಂಗಳವಾರದ, ಗುರುವಾರದ ಪಾಠವನ್ನು ಜಗಲಿಯಲ್ಲಿ ಟ್ರೇನರಿಗೆ ಸೈಕಲ್ ಸಿಕ್ಕಿಸಿ ಮುಗಿಸಬಹುದು. ಎದುರಿಗೆ ಒಂದು ಫ್ಯಾನ್ ಇಡಿ, ಬೆವರು ಧಾರಾಕಾರ.

ಹಾಗಾದ್ರೆ ಎರಡು ತಾಸೂ ಸಾಕಾ? ಸಾಲದು. ಮೊದಲ ಏರಿನಲ್ಲೇ ಗುಂಪಿನಿಂದ ಕಳಚಿಕೊಳ್ಳುತ್ತೀರಿ. ಏಳು ತಾಸಿನಲ್ಲಿ ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲಿನ ಹುಡುಗರನ್ನು ಹಿಂದೆ ಹಾಕಲಿಕ್ಕೆ ಆಗ್ತದಾ? ಕನಸು ಬೇಡ, ಅವರು ಶಾಲೆಯಿಂದಲೇ ಅದನ್ನು ಮಾಡಿಕೊಂಡು ಬಂದವರು. ಆದರೆ ನಿಮ್ಮ ಹಾಗೆ ಆಫೀಸಿಗೆ ಹೋಗಿ ಬರುವವರ ನಡುವೆ ನಿಲ್ಲುತ್ತೀರಿ, ಕೆಲವೊಮ್ಮೆ ಮುಂದೆಯೂ.

ರೇಸಿಗೆ ಎಂಟು ವಾರ ಇದೆಯಾ? ಇವತ್ತೇ ಹೆಸರು ಕೊಡಿ. ಕೊನೆಯ ವಾರ ತಾಸುಗಳನ್ನು ಅರ್ಧಕ್ಕಿಳಿಸಿ, ಜೋರು ಮಾತ್ರ ಇಳಿಸಬೇಡಿ.