ಗಾಯ ಮಾಯುವ ದಿನಗಳು

ಹರ್ನಿಯಾದ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಮೂರು ವಾರಗಳಾದುವು. ಕಲಬುರಗಿಯಿಂದ ಆಳಂದದ ಮನೆಗೆ ಬಂದಂದಿನಿಂದ ನಾನು ಮಂಚ, ಕಿಟಕಿ, ಪುಸ್ತಕ ಈ ಮೂರರ ಒಡೆಯನಾಗಿದ್ದೇನೆ. ಆರು ವಾರ ಭಾರ ಎತ್ತಕೂಡದೆಂದು ವೈದ್ಯರ ಅಪ್ಪಣೆ. ಕನ್ನಡದ ಅಧ್ಯಾಪಕನು ಎತ್ತುವ ಭಾರವಾದರೂ ಎಷ್ಟು! ಒಂದು ಹಾಜರಿ ಪುಸ್ತಕ, ಒಂದು ಪಂಪಭಾರತ. ಎಳ್ಳಮಾವಾಸ್ಯೆಗೆ ಮನೆಯವರೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋದರು. ನನಗೆ ಭಜ್ಜಿಯೂ ಸಜ್ಜೆಯ ರೊಟ್ಟಿಯೂ ಮಂಚದ ಬಳಿಗೇ ಬಂದುವು. ತಿಂಗಳ ಕೊನೆಗೆ ಸಂಬಳವೂ ಹಾಗೆಯೇ ಬಂದಿತು.

ಈ ಬಿಡುವಿನ ಸೊಗಸನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಒಂದು ಬೆಳಗ್ಗೆ ಪಕ್ಕದ ಓಣಿಯ ಹೆಣ್ಣುಮಗಳೊಬ್ಬಳು ನನ್ನನ್ನು ಮಾತನಾಡಿಸಲು ಬಂದಳು. ಕೈಯಲ್ಲಿ ಕುಡುಗೋಲು, ಬುತ್ತಿಗಂಟು. ನನಗಿಂತ ನಾಲ್ಕೇ ದಿನ ಮೊದಲು ಅವಳಿಗೂ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು.

“ಇಷ್ಟು ಲಗೂ ಹೊಲಕ್ಕ ಹೊಂಟೀಯೇನವ್ವ?” ಎಂದೆ.

“ಏನ್ ಮಾಡ್ಲಿರಿ ಸರ, ತೊಗರಿ ಕೊಯ್ಲಿಗಿ ಬಂದದ. ನಾ ಮಕ್ಕೊಂಡ್ರ ಒಲಿನೂ ಮಕ್ಕೋತದ” ಎಂದು ನಕ್ಕು ಹೊರಟುಹೋದಳು.

ಅವಳ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸಿತ್ತು. 2018ರಲ್ಲಿ ಬಂದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವಾಗುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಕೊಯ್ಯುವುದಕ್ಕೆ ಹಣವುಂಟು, ಮಾಯುವ ದಿನಗಳ ಕೂಲಿಗೆ ಇಲ್ಲ. ಮೇಲಿನ ಚರ್ಮ ಬೇಗ ಕೂಡಿಕೊಂಡರೂ ಒಳಪದರ ಬಲಿಯಲು ವಾರಗಳೇ ಬೇಕು. ಅಷ್ಟರೊಳಗೆ ಹೊರೆ ಹೊತ್ತರೆ ಕೊಯ್ದ ಜಾಗವೇ ಮತ್ತೆ ಸಡಿಲವಾಗಬಹುದು. ಆಗ ಸರ್ಕಾರ ಅದೇ ಹೊಟ್ಟೆಗೆ ಎರಡನೆಯ ಸಲ ಹಣ ತೆರಬೇಕಾಗುತ್ತದೆ.

ನನಗೆ ರಜೆಯುಂಟು. ಕಾರ್ಖಾನೆಯ ಕೆಲಸಗಾರನಿಗೆ, 1948ರ ಕಾಯಿದೆಯಿಂದ ಆರಂಭವಾದ ರಾಜ್ಯ ವಿಮೆಯು ಕಾಯಿಲೆಯ ಕಾಲದಲ್ಲಿ ಕೂಲಿಯ ಒಂದು ಭಾಗವನ್ನು ಕೊಡುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿ, ಹತ್ತಿ, ಕಬ್ಬುಗಳ ಹೊಲದಲ್ಲಿ ದಿನಗೂಲಿಗೆ ಬೆನ್ನು ಬಗ್ಗಿಸುವವರಿಗೆ ಇವೆರಡೂ ಇಲ್ಲ.

ಇದು ಆಗದ ಮಾತೇನೂ ಅಲ್ಲ. ನೆರೆಯ ಆಂಧ್ರಪ್ರದೇಶವು 2019ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾದ ಬಡವರಿಗೆ ಚೇತರಿಕೆಯ ಕಾಲದಲ್ಲಿ ದಿನಕ್ಕೆ 225 ರೂಪಾಯಿಯಂತೆ, ತಿಂಗಳಿಗೆ 5,000 ರೂಪಾಯಿಗಳ ಮಿತಿಯಲ್ಲಿ, ಹಣ ಕೊಡುವ ಯೋಜನೆಯನ್ನು ತೊಡಗಿಸಿತ್ತು. ವೈದ್ಯರು ಬರೆದುಕೊಟ್ಟಷ್ಟು ದಿನಗಳಿಗೆ ನಮ್ಮಲ್ಲಿಯೂ ಹೀಗೇಕೆ ಕೊಡಬಾರದು? ದುಡಿಯದೆ ಕೂಲಿ ಕೊಟ್ಟರೆ ಜನ ಮೈಗಳ್ಳರಾಗುವರೆನ್ನುವ ಮಹಾಶಯರು ಒಮ್ಮೆ ನನ್ನತ್ತ ನೋಡಬೇಕು. ಮೂರು ವಾರಗಳಿಂದ ನಾನು ಪಡೆಯುತ್ತಿರುವುದು ಅದನ್ನೇ. ನನ್ನನ್ನು ಯಾರೂ ಮೈಗಳ್ಳನೆನ್ನಲಿಲ್ಲ.

ಶರಣರ ಕಾಯಕತತ್ವವನ್ನು ನಾನು ವರ್ಷವರ್ಷವೂ ಪಾಠ ಹೇಳುತ್ತೇನೆ. ಕಾಯವೇ ಬಿದ್ದಾಗ ಕಾಯಕದವನ ಗತಿಯೇನೆಂದು ಕೇಳಿದ ವಿದ್ಯಾರ್ಥಿ ಒಬ್ಬನೂ ಇಲ್ಲ, ನಾನೂ ಕೇಳಿಕೊಂಡವನಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದ ನಾಡಿದು. ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದವರಿಗೆ ಈ ಪ್ರಶ್ನೆಯ ಉತ್ತರ ತಿಳಿದಿದ್ದಿತು.

ನನ್ನ ರಜೆಯಲ್ಲಿ ಇನ್ನೂ ಮೂರು ವಾರಗಳು ಉಳಿದಿವೆ. ಸಂಜೆ ಕಿಟಕಿಯಿಂದ ನೋಡಿದರೆ, ಆ ಹೆಣ್ಣುಮಗಳು ಒಂದು ಕೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದುಕೊಂಡು ತಲೆಯ ಮೇಲೆ ತೊಗರಿಕಟ್ಟಿಗೆಯ ಹೊರೆ ಹೊತ್ತು ಮನೆಗೆ ಬರುತ್ತಿರುತ್ತಾಳೆ.